ಆರು ಗುಂಡಿನದ್ದೋ, ಹತ್ತು ಗುಂಡಿನದ್ದೋ?

ಬಾರಾನಗರ ಅಂದ ಕೂಡಲೇ ಊರ ಕಡೆಯವರು ಕೇಳುವುದು ಎರಡೇ. ಒಂದು, ರಾಮಕೃಷ್ಣ ಪರಮಹಂಸರು ತೀರಿಕೊಂಡ ಮೇಲೆ 1886ರಲ್ಲಿ ವಿವೇಕಾನಂದರು ಮತ್ತವರ ಗುರುಭಾಯಿಗಳು ಪಾಳು ಮನೆಯೊಂದರಲ್ಲಿ ಕಟ್ಟಿಕೊಂಡ ಮೊದಲ ಮಠ ಅಲ್ಲಿಯದ್ದೇ ಅಲ್ವಾ ಅಂತ. ಇನ್ನೊಂದು, ಬಿ.ಟಿ. ರೋಡಿನ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು ದಶಕಗಟ್ಟಲೆ ಕೆಲಸ ಮಾಡಿದ ಜಾಗ ಅದು. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಬಾರಾನಗರದಿಂದ ದಕ್ಷಿಣಕ್ಕೆ ಗಂಗೆಯ ದಂಡೆ ಹಿಡಿದು ಹೊರಟರೆ ಸಿಗುವ ಕಾಶೀಪುರದ ಎತ್ತರದ ಗೋಡೆಯ ಕಾರ್ಖಾನೆ ಅದು. 1801ರಲ್ಲಿ ಕಂಪನಿ ಸರ್ಕಾರ ತೋಪಿನ ಗಾಡಿ ಮಾಡಲು ಶುರು ಮಾಡಿದ್ದು, 1802ರ ಮಾರ್ಚ್ 18ರಿಂದ ಉತ್ಪಾದನೆ. ದೇಶದ ಅತಿ ಹಳೆಯ ಆರ್ಡನೆನ್ಸ್ ಫ್ಯಾಕ್ಟರಿ ಇದೇ. ಈಗ ಹೆಸರು ಗನ್ ಅಂಡ್ ಶೆಲ್ ಫ್ಯಾಕ್ಟರಿ. 2021ರ ಅಕ್ಟೋಬರ್‌ನಲ್ಲಿ ಆರ್ಡನೆನ್ಸ್ ಬೋರ್ಡನ್ನೇ ಒಡೆದು ಏಳು ಕಂಪನಿ ಮಾಡಿದ ಮೇಲೆ ಕಾನ್ಪುರದಲ್ಲಿ ಮುಖ್ಯ ಕಚೇರಿ ಇರುವ ಒಂದು ಕಂಪನಿಯ ಕೆಳಗೆ ಬಂದಿದೆ.

ಇಂಥ ಊರಿನಲ್ಲಿ ಚಹದ ಅಂಗಡಿಯ ಅಡ್ಡಾದಲ್ಲಿ ಬಂದೂಕಿನ ವಿಷಯ ಬರದೇ ಇರುತ್ತದೆಯೇ? ನಮ್ಮ ಬೀದಿಯ ಚಿನ್ನದಂಗಡಿಯವರೊಬ್ಬರಿಗೆ ಆತ್ಮರಕ್ಷಣೆಗೆಂದು ಲೈಸೆನ್ಸ್ ಸಿಕ್ಕಿತು. ರಿವಾಲ್ವರ್ ಕೊಳ್ಳಬೇಕೋ ಪಿಸ್ತೂಲು ಕೊಳ್ಳಬೇಕೋ ಎಂಬ ಪ್ರಶ್ನೆ ಅಡ್ಡಾಕ್ಕೆ ಬಂತು. ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ದಾದಾ ರಿವಾಲ್ವರ್ ಪಕ್ಷ, ಇನ್ನೊಬ್ಬರು ಪಿಸ್ತೂಲಿನ ಪಕ್ಷ. ಎರಡು ಸಂಜೆ ಮೋಹನ್‌ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯದ ಹಾಗೆ ನಡೆಯಿತು. ಬಂದೂಕು ಮುಟ್ಟಿಯೂ ನೋಡದವರ ದನಿಯೇ ಜೋರು, ಅದು ಬಂಗಾಳದ ರೂಢಿ. ನನ್ನನ್ನು ಯಾರೂ ಕೇಳಲಿಲ್ಲ (ಇಷ್ಟು ವರ್ಷವಾದರೂ ನಾನು 'ಮಾದ್ರಾಜಿ'ಯೇ). ಆದರೆ ನನ್ನ ತಲೆಯಲ್ಲಿ ಬೇರೆ ಯೋಚನೆ ಓಡುತ್ತಿತ್ತು. ಇದೇ ಪ್ರಶ್ನೆಯನ್ನು ಇದೇ ಊರಿನಲ್ಲಿ ನೂರು ವರ್ಷಗಳ ಹಿಂದೆ ಇಪ್ಪತ್ತು ವರ್ಷದ ಹುಡುಗರು ಎದುರಿಸಿದ್ದರು. ಅವರಿಗೆ ಅಂಗಡಿಯೂ ಇರಲಿಲ್ಲ, ಲೈಸೆನ್ಸೂ ಇರಲಿಲ್ಲ.

ಮೊದಲು ಎರಡರ ವ್ಯತ್ಯಾಸ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗಳಲ್ಲಿ ಒಂದೇ ಸುದ್ದಿಯ ಮೊದಲ ಪ್ಯಾರಾದಲ್ಲಿ ರಿವಾಲ್ವರ್ ಇದ್ದದ್ದು ಮೂರನೇ ಪ್ಯಾರಾಕ್ಕೆ ಪಿಸ್ತೂಲು ಆಗಿರುತ್ತದೆ. ರಿವಾಲ್ವರ್ ಅಂದರೆ ತಿರುಗುವ ಉರುಳೆ ಇರುವಂಥದ್ದು. ಉರುಳೆಯಲ್ಲಿ ಐದೋ ಆರೋ ಗೂಡು, ಗೂಡಿಗೊಂದು ತೋಟಾ. ಟ್ರಿಗರ್ ಎಳೆದಾಗ ಉರುಳೆ ಒಂದು ಮನೆ ಮುಂದೆ ಹೋಗುತ್ತದೆ. ಅದನ್ನು ತಿರುಗಿಸುವುದು ನಿಮ್ಮ ಬೆರಳಿನ ಬಲ. ಹಾಗಾಗಿ ಒಂದು ತೋಟಾ ಟುಸ್ಸೆಂದರೆ ಇನ್ನೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನದು ಬರುತ್ತದೆ. ತೊಂದರೆ ಏನೆಂದರೆ ಆ ಎಳೆತ ಉದ್ದ ಮತ್ತು ಬಿಗಿ. ರೂಢಿ ಇಲ್ಲದವರ ಕೈ ಅಷ್ಟರಲ್ಲಿ ಅಲುಗಿ ಗುರಿ ತಪ್ಪುತ್ತದೆ. ಆರು ಮುಗಿದ ಮೇಲೆ ಖಾಲಿ ಚಿಪ್ಪು ತೆಗೆದು ಹೊಸದು ತುಂಬುವುದು ನಿಧಾನದ ಕೆಲಸ.

ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಉರುಳೆ ಇಲ್ಲ. ತೋಟಾಗಳು ಒಂದರ ಮೇಲೊಂದು ಕೂತಿರುತ್ತವೆ, ಕೆಳಗಿನಿಂದ ಸ್ಪ್ರಿಂಗು ತಳ್ಳುತ್ತದೆ. ಹಾರಿದ ಗುಂಡಿನ ಹಿಮ್ಮೆಟ್ಟುವ ಬಲವೇ ಖಾಲಿ ಚಿಪ್ಪನ್ನು ಹೊರಗೆಸೆದು ಮುಂದಿನದನ್ನು ನಳಿಗೆಗೆ ಏರಿಸುತ್ತದೆ. ಚಪ್ಪಟೆ, ಬೇಗ ತುಂಬಬಹುದು, ಗುಂಡು ಜಾಸ್ತಿ. ಆದರೆ ಇಡೀ ಯಂತ್ರ ನಿಂತಿರುವುದು ತೋಟಾದ ಮೇಲೆ. ತೋಟಾ ಹಳೆಯದಾಗಿ ಮದ್ದು ತೇವ ಹಿಡಿದಿದ್ದರೆ ಬಲ ಸಾಲದೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಬಂಗಾಳದ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು ಬರುತ್ತದೆ.

ಈಗ ಕಥೆಗೆ ಬರೋಣ. 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ ಲೈಸೆನ್ಸಿಲ್ಲದೆ ಭಾರತೀಯ ಬಂದೂಕು ಇಟ್ಟುಕೊಳ್ಳುವ ಹಾಗಿರಲಿಲ್ಲ. ನಮ್ಮ ಕೊಡಗಿನವರಿಗೆ ಮಾತ್ರ ವಿನಾಯಿತಿ, ಅದು ಇವತ್ತಿಗೂ ಇದೆ: 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. ಬಂಗಾಳಿಗಳಿಗೆ ಅಂಥ ಯಾವ ವಿನಾಯಿತಿಯೂ ಇರಲಿಲ್ಲ. ಹಾಗಾಗಿ ಇಲ್ಲಿನ ಕ್ರಾಂತಿಕಾರಿ ಗುಂಪುಗಳು ಮೊದಲ ವರ್ಷಗಳಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದವು. ಕಳವಿನ ಮಾಲು, ಹಡಗಿನವರಿಂದ ಕೊಂಡದ್ದು, ಫ್ರೆಂಚರ ಚಂದನನಗರದ ದಾರಿಯಲ್ಲಿ ಬಂದದ್ದು. ಬಾರಾನಗರದಿಂದ ಗಂಗೆಯ ಮೇಲ್ಮುಖವಾಗಿ ಹೋದರೆ ಆಚೆ ದಡಕ್ಕೆ ಚಂದನನಗರ, ದೂರವೇನಲ್ಲ. ಬ್ರಿಟಿಷರ ಕಾಯ್ದೆ ಅಲ್ಲಿ ನಡೆಯುತ್ತಿರಲಿಲ್ಲ. ಫ್ರಾನ್ಸಿನ ಸೇಂಟ್ ಎಟಿಯೆನ್ ಊರಿನಿಂದ ರಿವಾಲ್ವರುಗಳು ಅಂಚೆಯಲ್ಲೇ ಬರುತ್ತಿದ್ದವು. ಅಲ್ಲಿನ ಮೇಯರ್ ಇದಕ್ಕೆ ಕಡಿವಾಣ ಹಾಕಲು ಹೊರಟಾಗ 1908ರ ಏಪ್ರಿಲ್‌ನಲ್ಲಿ ಅವರ ಮನೆಗೇ ಬಾಂಬು ಬಿತ್ತು.

ಅದೇ ತಿಂಗಳ ಕೊನೆಗೆ, 1908ರ ಏಪ್ರಿಲ್ 30ರಂದು, ಮುಜಫರ್‌ಪುರದಲ್ಲಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ಬಾಂಬು ಎಸೆದರು. ಕಿಂಗ್ಸ್‌ಫರ್ಡ್‌ಗೆ ಗುರಿಯಿಟ್ಟದ್ದು ಬೇರೆ ಗಾಡಿಗೆ ಬಿದ್ದು, ಕೆನಡಿ ಎಂಬವರ ಹೆಂಡತಿ ಮತ್ತು ಮಗಳು ಸತ್ತರು. ನಾನು ಇಲ್ಲಿ ಗಮನಿಸುವುದು ಅವರ ಬಳಿ ಇದ್ದ ಬಂದೂಕುಗಳನ್ನು. ಮಾರನೇ ದಿನ ರಾತ್ರಿಯೆಲ್ಲ ನಡೆದು ಸುಸ್ತಾಗಿ ವೈನಿ ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದ ಖುದಿರಾಮನ ಮೈಮೇಲೆ ಇದ್ದದ್ದು ಎರಡು ರಿವಾಲ್ವರ್ ಮತ್ತು ಒಂದಷ್ಟು ತೋಟಾ. ಒಂದೂ ಕೆಲಸಕ್ಕೆ ಬರಲಿಲ್ಲ, ಇಬ್ಬರು ಕಾನ್‌ಸ್ಟೇಬಲ್‌ಗಳು ಹಿಡಿದುಬಿಟ್ಟರು. ಮೊಕಾಮಾ ಸ್ಟೇಷನ್ನಿನಲ್ಲಿ ಪೊಲೀಸರು ಸುತ್ತುವರಿದಾಗ ಪ್ರಫುಲ್ಲ ಚಾಕಿಯ ಕೈಯಲ್ಲಿದ್ದದ್ದು ಬ್ರೌನಿಂಗ್ ಪಿಸ್ತೂಲು. ಅದರಿಂದಲೇ ಗುಂಡು ಹಾರಿಸಿಕೊಂಡು ಸತ್ತರು. ಖುದಿರಾಮನಿಗೆ ಹದಿನೆಂಟು ತುಂಬಿ ಕೆಲವು ತಿಂಗಳಾಗಿತ್ತಷ್ಟೆ, ಆಗಸ್ಟ್ 11ಕ್ಕೆ ನೇಣು.

ಬ್ರೌನಿಂಗ್ ಅಂದರೆ ಅಮೆರಿಕದ ಜಾನ್ ಬ್ರೌನಿಂಗ್ ಎಂಬವನ ವಿನ್ಯಾಸ, ಬೆಲ್ಜಿಯಂನ ಎಫ್.ಎನ್. ಕಂಪನಿಯ ತಯಾರಿ. 1900ರಿಂದ ಮಾರುಕಟ್ಟೆಗೆ ಬಂದ ಈ ಚಪ್ಪಟೆ ಪಿಸ್ತೂಲು ಕೋಟಿನ ಜೇಬಿಗೆ ಹಿಡಿಯುತ್ತಿತ್ತು. ಲಂಡನ್ನಿನಿಂದ ಸಾವರ್ಕರ್ ಚತುರ್ಭುಜ ಅಮೀನ್ ಎಂಬವರ ಕೈಯಲ್ಲಿ ಕಳಿಸಿದ್ದು ಇಪ್ಪತ್ತು ಬ್ರೌನಿಂಗ್‌ಗಳನ್ನೇ. ಅದರಲ್ಲೊಂದರಿಂದ 1909ರ ಡಿಸೆಂಬರ್ 21ರಂದು ನಾಸಿಕದ ನಾಟಕ ಮಂದಿರದಲ್ಲಿ ಕಲೆಕ್ಟರ್ ಜಾಕ್ಸನ್ ಕೊಲೆಯಾಯಿತು. 1911ರ ಜೂನ್ 17ರಂದು ತಿರುನೆಲ್ವೇಲಿ ಸೀಮೆಯ ಮಣಿಯಾಚ್ಚಿ ಜಂಕ್ಷನ್ನಿನಲ್ಲಿ ಕಲೆಕ್ಟರ್ ಆಶ್‌ನನ್ನು ಕೊಂದು ವಾಂಚಿನಾಥನ್ ತನಗೂ ಹೊಡೆದುಕೊಂಡದ್ದು ಕೂಡ ಬ್ರೌನಿಂಗ್‌ನಿಂದ. ಪಶ್ಚಿಮ ಮತ್ತು ದಕ್ಷಿಣದಲ್ಲಿ ಪಿಸ್ತೂಲು ಮುಂದಾಗಿದ್ದಾಗ ಕಲ್ಕತ್ತೆ ಇನ್ನೂ ರಿವಾಲ್ವರಿನಲ್ಲೇ ಇತ್ತು. 1908ರ ಆಗಸ್ಟ್ 31ರಂದು ಅಲಿಪುರ ಜೈಲಿನೊಳಗೇ ಮಾಫಿ ಸಾಕ್ಷಿ ನರೇನ್ ಗೋಸಾಯಿಯನ್ನು ಕನಾಯಿಲಾಲ್ ದತ್ತ ಮತ್ತು ಸತ್ಯೇಂದ್ರನಾಥ ಬೋಸ್ ಕೊಂದದ್ದು ಹೊರಗಿನಿಂದ ಕದ್ದು ತರಿಸಿಕೊಂಡ ಎರಡು ರಿವಾಲ್ವರುಗಳಿಂದ.

ಈ ಚಿತ್ರ ಒಂದೇ ದಿನದಲ್ಲಿ ಬದಲಾಯಿತು. 1914ರ ಆಗಸ್ಟ್ 26, ಬುಧವಾರ.

ರೋಡಾ ಅಂಡ್ ಕಂಪನಿ ಆಗಿನ ಕಲ್ಕತ್ತೆಯ ದೊಡ್ಡ ಬಂದೂಕು ವ್ಯಾಪಾರಿ. ಅವರಲ್ಲಿ ಕಸ್ಟಮ್ಸ್ ಕೆಲಸ ನೋಡಿಕೊಳ್ಳುವ ಗುಮಾಸ್ತ ಶ್ರೀಶಚಂದ್ರ ಮಿತ್ರ. ಕರೆಯುವ ಹೆಸರು ಹಾಬು. ಬಂದರಿಗೆ ಬಂದಿದ್ದ 202 ಪೆಟ್ಟಿಗೆಗಳನ್ನು ಬಿಡಿಸಿಕೊಂಡು ಎತ್ತಿನ ಗಾಡಿಗಳಲ್ಲಿ ಹೇರಿಸಿದ. 192 ಪೆಟ್ಟಿಗೆ ಡಾಲ್‌ಹೌಸಿ ಸ್ಕ್ವೇರಿನ ಹತ್ತಿರ ವ್ಯಾನ್ಸಿಟಾರ್ಟ್ ರೋದಲ್ಲಿದ್ದ ಗೋದಾಮಿಗೆ ಸರಿಯಾಗಿ ತಲುಪಿತು. ಉಳಿದ ಹತ್ತನ್ನು ತರುತ್ತೇನೆ ಎಂದು ಹೋದ ಹಾಬು ಬರಲಿಲ್ಲ. ಆವತ್ತು ಮಾತ್ರವಲ್ಲ, ಮತ್ತೆಂದೂ ಬರಲಿಲ್ಲ. ಕೊನೆಯ ಗಾಡಿಯನ್ನು ಗಾಡಿಯವನ ವೇಷದಲ್ಲಿ ಹೊಡೆದದ್ದು ಹರಿದಾಸ ದತ್ತ ಎಂಬ ಕ್ರಾಂತಿಕಾರಿ. ಆ ಗಾಡಿ ಮಲಂಗಾ ಲೇನಿನ ಕಡೆ ತಿರುಗಿತು. ಒಂದು ಗುಂಡು ಹಾರಲಿಲ್ಲ, ಯಾರಿಗೂ ಗಾಯವಿಲ್ಲ. ಹತ್ತು ಪೆಟ್ಟಿಗೆಯಲ್ಲಿ ಇದ್ದದ್ದು ಐವತ್ತು ಮೌಸರ್ ಪಿಸ್ತೂಲು ಮತ್ತು 46,000 ತೋಟಾ.

ಮೌಸರ್ ಸಿ96 ಜರ್ಮನಿಯದ್ದು, 1896ರ ಮಾದರಿ. ಟ್ರಿಗರಿನ ಮುಂದೆ ಡಬ್ಬಿಯಂಥ ಮ್ಯಾಗಜೀನು, ಅದರಲ್ಲಿ ಹತ್ತು ಗುಂಡು. ಹಿಡಿ ಪೊರಕೆಯ ಹಿಡಿಯ ಹಾಗೆ ಗುಂಡಗೆ. ಇದರ ಬಗ್ಗೆ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ವಿನ್ಸ್‌ಟನ್ ಚರ್ಚಿಲ್ 1896ರಲ್ಲಿ ಬೆಂಗಳೂರಿನ ರೆಜಿಮೆಂಟಿಗೆ ಬರುವಾಗ ಬೊಂಬಾಯಿಯ ಸಸೂನ್ ಡಾಕಿನಲ್ಲಿ ದೋಣಿಯಿಂದ ಇಳಿಯಲು ಹೋಗಿ ಭುಜ ಉಳುಕಿಸಿಕೊಂಡ. ಆ ಭುಜ ಮತ್ತೆ ಸರಿಯಾಗಲಿಲ್ಲ. ಕತ್ತಿ ಬೀಸಲಾಗದು ಎಂದು 1898ರಲ್ಲಿ ಸೂಡಾನಿನ ಓಮ್ಡರ್ಮನ್ ಕಾಳಗಕ್ಕೆ ಹೋಗುವಾಗ ಹಿಡಿದುಕೊಂಡದ್ದು ಮೌಸರ್. ಆಗಿನ ಬ್ರಿಟಿಷ್ ಅಧಿಕಾರಿಗಳು ಸಾಮಾನ್ಯವಾಗಿ ಒಯ್ಯುತ್ತಿದ್ದದ್ದು ವೆಬ್ಲಿ ರಿವಾಲ್ವರ್. ಬೆಂಗಳೂರು ಕ್ಲಬ್ಬಿಗೆ ಹದಿಮೂರು ರೂಪಾಯಿ ಬಾಕಿ ಇಟ್ಟು ಹೋದ ಮನುಷ್ಯ ಇವನೇ, ಅದನ್ನು ಎಲ್ಲರೂ ಹೇಳುತ್ತಾರೆ. ಮೌಸರ್ ಕಥೆ ಕಡಿಮೆ ಜನಕ್ಕೆ ಗೊತ್ತು.

ಸರಿ, ಮೌಸರ್ ದಿನಾ ಜೊತೆಗಿಟ್ಟುಕೊಂಡು ತಿರುಗಲು ಯೋಗ್ಯವೇ? ಖಂಡಿತ ಅಲ್ಲ ಅಂತ ನನ್ನ ಅಭಿಪ್ರಾಯ. ಕಲ್ಕತ್ತಾ ಪೊಲೀಸರ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಅದನ್ನು ನೋಡಿದಾಗ ಮೊದಲು ಅನ್ನಿಸಿದ್ದೇ ಇದನ್ನು ಧೋತಿಯಲ್ಲಿ ಹೇಗಪ್ಪಾ ಸಿಕ್ಕಿಸಿಕೊಂಡರು ಅಂತ. ಉದ್ದ ಒಂದಡಿ, ತೂಕ ಕಿಲೋ ಮೀರುತ್ತದೆ. ಚಳಿಗಾಲದಲ್ಲಿ ಮೇಲೊಂದು ಶಾಲು ಹೊದ್ದು ಮುಚ್ಚಬಹುದು. ಜ್ಯೇಷ್ಠ ಮಾಸದ ಸೆಕೆಯಲ್ಲಿ ಶಾಲು ಹೊದ್ದವನನ್ನು ಪೊಲೀಸರೇಕೆ, ಬೀದಿ ನಾಯಿಯೂ ಅನುಮಾನಿಸುತ್ತದೆ. ಅದರ ಮರದ ಒರೆಯನ್ನು ಹಿಡಿಗೆ ಸಿಕ್ಕಿಸಿ ಭುಜಕ್ಕೊತ್ತಿ ಹೊಡೆದರೆ ಕೋವಿಯಂತೆ ದೂರಕ್ಕೆ ಹೊಡೆಯಬಹುದು. ಅಂದರೆ ಜೇಬಿನ ಆಯುಧವಲ್ಲ, ಗಿಡ್ಡ ರೈಫಲ್ಲು. ಅಡಗಿಸಿಕೊಳ್ಳುವುದೇ ಮುಖ್ಯವಾದವರಿಗೆ ಸಣ್ಣ ರಿವಾಲ್ವರ್ ಅಥವಾ ಬ್ರೌನಿಂಗ್ ನೂರು ಪಾಲು ವಾಸಿ.

ಹಾಗಿದ್ದರೂ ಮುಂದಿನ ಮೂರು ವರ್ಷ ಬಂಗಾಳವನ್ನು ನಡುಗಿಸಿದ್ದು ಮೌಸರ್. 1918ರ ರೌಲಟ್ ಸಮಿತಿಯ ವರದಿಯಲ್ಲಿ ಲೆಕ್ಕ ಇದೆ: ಐವತ್ತರಲ್ಲಿ 44 ಪಿಸ್ತೂಲು ಕೂಡಲೇ ಒಂಬತ್ತು ಗುಂಪುಗಳಿಗೆ ಹಂಚಿಹೋದವು, 54 ದರೋಡೆ, ಕೊಲೆ ಮತ್ತು ಅಂಥ ಯತ್ನಗಳಲ್ಲಿ ಬಳಕೆಯಾದವು. ಯಾಕೆ? ಗುಂಡು ಹತ್ತು ಅಂತಲೇ? ನನಗೆ ಕಾಣುವ ಉತ್ತರ ಆ 46,000ದಲ್ಲಿದೆ. ಐವತ್ತರಿಂದ ಭಾಗಿಸಿ, ಒಂದೊಂದಕ್ಕೆ 920 ತೋಟಾ. ಅಲ್ಲಿಯ ತನಕ ಹುಡುಗರ ಹತ್ತಿರ ಇದ್ದದ್ದು ತರಾವರಿ ರಿವಾಲ್ವರುಗಳು, ಒಂದರ ತೋಟಾ ಇನ್ನೊಂದಕ್ಕೆ ಹಿಡಿಯದು. ಇರುವ ಹನ್ನೆರಡೋ ಹದಿನೈದೋ ತೋಟಾವನ್ನು ಅಭ್ಯಾಸಕ್ಕೆ ಸುಟ್ಟರೆ ಕೆಲಸಕ್ಕೆ ಇಲ್ಲ, ಅಭ್ಯಾಸ ಮಾಡದಿದ್ದರೆ ಗುರಿ ಇಲ್ಲ. ಎಲ್ಲ ಗುಂಪಿಗೂ ಒಂದೇ ಬಗೆಯ ಆಯುಧ, ಒಂದೇ ಅಳತೆಯ ಹೊಸ ತೋಟಾ ಸಿಕ್ಕಿದ್ದು ಅದೇ ಮೊದಲು. ಪಿಸ್ತೂಲನ್ನು ಅವರು ಆರಿಸಿಕೊಳ್ಳಲಿಲ್ಲ, ಹಾಬುವಿನ ಗಾಡಿಯಲ್ಲಿ ಬಂದದ್ದು ಅದು. ವೆಬ್ಲಿ ಬಂದಿದ್ದರೆ ವೆಬ್ಲಿಯೇ ಆಗುತ್ತಿತ್ತು.

ಆ ಒಂದೇ ಬಗೆ ಎಂಬುದೇ ಕುತ್ತಿಗೆಗೂ ಬಂತು. ರಿವಾಲ್ವರಿನಲ್ಲಿ ಖಾಲಿ ಚಿಪ್ಪು ಉರುಳೆಯೊಳಗೇ ಉಳಿಯುತ್ತದೆ, ಹೊಡೆದವನ ಜೊತೆಗೇ ಹೋಗುತ್ತದೆ. ಪಿಸ್ತೂಲು ಪ್ರತಿ ಗುಂಡಿಗೂ ಚಿಪ್ಪನ್ನು ಬೀದಿಗೆ ಉಗುಳುತ್ತದೆ. ಕಲ್ಕತ್ತೆಯ ಬೀದಿಯಲ್ಲಿ ಮೌಸರ್ ಚಿಪ್ಪು ಬಿದ್ದಿದ್ದರೆ ಪೊಲೀಸರು ಮೊದಲು ನೆನೆಯುವುದು ರೋಡಾ ಮಾಲನ್ನೇ. ಕಂಪನಿಯ ಪುಸ್ತಕದಲ್ಲಿ ಪ್ರತಿ ಪಿಸ್ತೂಲಿನ ನಂಬರೂ ಇತ್ತು, ಸಿಕ್ಕ ಪಿಸ್ತೂಲು ರೋಡಾದ್ದೇ ಎಂದು ಹೇಳಲು ಕಷ್ಟವಾಗಲಿಲ್ಲ. 54 ಎಂಬಷ್ಟು ಖಚಿತ ಸಂಖ್ಯೆ ಸರ್ಕಾರದ ಕೈಗೆ ಸಿಕ್ಕಿದ್ದಕ್ಕೆ ಇದೂ ಕಾರಣ ಇರಬೇಕು ಎಂಬುದು ನನ್ನ ಊಹೆ. (ಬಂದೂಕು ಪರೀಕ್ಷೆಗೆಂದೇ ಕಲ್ಕತ್ತಾ ಪೊಲೀಸರು ಸಣ್ಣ ಪ್ರಯೋಗಾಲಯ ಮಾಡಿದ್ದು ಆಮೇಲೆ, 1930ರಲ್ಲಿ.)

ಮೌಸರಿನ ಪೂರ್ತಿ ಶಕ್ತಿ ತೋರಿದ್ದು ಪೇಟೆಯಲ್ಲಲ್ಲ, ಒಡಿಶಾದ ಬಾಲಾಸೋರಿನ ಹತ್ತಿರ ಬುಢಾಬಲಂಗ ನದಿಯ ಬಯಲಿನಲ್ಲಿ. 1915ರ ಸೆಪ್ಟೆಂಬರ್ 9ರಂದು ಬಾಘಾ ಜತೀನ್ ಮತ್ತು ನಾಲ್ವರು ಗೆಳೆಯರು ಚಷಾಖಂಡದ ಗುಂಡಿಯೊಂದರಲ್ಲಿ ಕೂತು ಮೌಸರ್ ಹಿಡಿದು ಪೊಲೀಸ್ ಪಡೆಯನ್ನು ಒಂದು ಗಂಟೆಗೂ ಮೀರಿ ತಡೆದರು. ಎದುರಿನವರ ಕೈಯಲ್ಲಿ ರೈಫಲ್ಲು. ಇವರ ಹತ್ತಿರ ಬರೀ ರಿವಾಲ್ವರ್ ಇದ್ದಿದ್ದರೆ ಹದಿನೈದು ನಿಮಿಷವೂ ನಿಲ್ಲುತ್ತಿರಲಿಲ್ಲ, ಅಥವಾ ನಿಲ್ಲುವ ಯೋಚನೆಯನ್ನೇ ಮಾಡದೆ ಓಡಿ ಬದುಕುತ್ತಿದ್ದರೋ ಏನೋ. ಚಿತ್ತಪ್ರಿಯ ರಾಯ್‌ಚೌಧುರಿ ಅಲ್ಲೇ ಸತ್ತರು. ಜತೀನ್ ಮಾರನೇ ದಿನ ಆಸ್ಪತ್ರೆಯಲ್ಲಿ. ಇಬ್ಬರಿಗೆ ನೇಣು, ಒಬ್ಬರಿಗೆ ಜೀವಾವಧಿ.

ಮುಂದಿನ ಪೀಳಿಗೆ ಮತ್ತೆ ಸಣ್ಣ ಆಯುಧಕ್ಕೇ ಬಂತು. 1932ರ ಫೆಬ್ರವರಿ 6, ಕಲ್ಕತ್ತಾ ವಿಶ್ವವಿದ್ಯಾಲಯದ ಸೆನೆಟ್ ಹೌಸ್, ಪದವಿ ಪ್ರದಾನದ ದಿನ. ಇಪ್ಪತ್ತು ವರ್ಷದ ಬೀನಾ ದಾಸ್ ಪದವಿಯ ಗೌನಿನೊಳಗೆ ರಿವಾಲ್ವರ್ ಅಡಗಿಸಿಕೊಂಡು ಕೂತಿದ್ದಳು. ತಂದುಕೊಟ್ಟವಳು ಕಮಲಾ ದಾಸ್‌ಗುಪ್ತ. ಗವರ್ನರ್ ಸ್ಟ್ಯಾನ್ಲಿ ಜಾಕ್ಸನ್ (ಇಂಗ್ಲೆಂಡ್ ಕ್ರಿಕೆಟ್ ತಂಡದ ಹಳೇ ಕ್ಯಾಪ್ಟನ್) ಮಾತಾಡುತ್ತಿದ್ದಾಗ ಎದ್ದು ಐದು ಗುಂಡು ಹಾರಿಸಿದಳು. ಐದೂ ತಪ್ಪಿದವು. ಉಪಕುಲಪತಿ ಹಸನ್ ಸುಹ್ರವರ್ದಿ ಬಂದು ಹಿಡಿದುಕೊಂಡರು. ಒಂಬತ್ತು ವರ್ಷ ಶಿಕ್ಷೆ. ಗೌನಿನೊಳಗೆ ಮೌಸರ್ ಹಿಡಿಸುತ್ತಿರಲಿಲ್ಲ ಎಂಬುದು ನಿಜ. ರಿವಾಲ್ವರಿನ ಬಿಗಿ ಟ್ರಿಗರಿಗೆ ಪಳಗದ ಕೈ ನಿಲ್ಲದು ಎಂಬುದೂ ಅಷ್ಟೇ ನಿಜ. ಉತ್ತರದವರು ಆ ಹೊತ್ತಿಗೆ ಪೂರ್ತಿ ಪಿಸ್ತೂಲಿಗೆ ಹೋಗಿದ್ದರು. ಭಗತ್ ಸಿಂಗ್ ಮತ್ತು ಚಂದ್ರಶೇಖರ ಆಜಾದ್ ಇಬ್ಬರದ್ದೂ .32 ಕೋಲ್ಟ್ ಪಿಸ್ತೂಲು. ಆಜಾದರದ್ದು ಅಲಹಾಬಾದ್ ಮ್ಯೂಸಿಯಂನಲ್ಲಿದೆ.

ಬಾರಾನಗರದಲ್ಲಿ ಕೂತು ಇಷ್ಟು ಬರೆದು 1971ನ್ನು ಬಿಟ್ಟರೆ ತಪ್ಪಾಗುತ್ತದೆ. ಆಗಸ್ಟ್ 12 ಮತ್ತು 13. ಸ್ಥಳೀಯ ಕಾಂಗ್ರೆಸ್ ನಾಯಕ ನಿರ್ಮಲ್ ಚಟರ್ಜಿಯ ಕೊಲೆಯಾದ ಬೆನ್ನಿಗೆ ಕಾಶೀಪುರ–ಬಾರಾನಗರದ ಓಣಿಗಳಲ್ಲಿ ನಕ್ಸಲೀಯರು ಅಂತ ಅನುಮಾನ ಬಂದ ಹುಡುಗರನ್ನೆಲ್ಲ ಹುಡುಕಿ ಕೊಂದರು. ಎಷ್ಟು ಜನ ಎಂಬುದಕ್ಕೆ ಇವತ್ತಿಗೂ ಎಲ್ಲರೂ ಒಪ್ಪುವ ಲೆಕ್ಕ ಇಲ್ಲ. ನೂರಕ್ಕೂ ಮೇಲೆ ಎಂದು ಊರು ಹೇಳುತ್ತದೆ. ಹೆಣಗಳನ್ನು ಗಂಗೆಗೆ ಎಸೆದರು. ನಾನು ಬಂದದ್ದು ಆಮೇಲೆ, ಎಂಬತ್ತರ ದಶಕದಲ್ಲಿ. ಆದರೆ ಪಕ್ಕದ ಮನೆಯ ಮಾಶಿಮಾ ಆ ಎರಡು ದಿನ ಕಿಟಕಿ ಮುಚ್ಚಿ ಕೂತದ್ದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು, ಯಾರೋ ಇನ್ನೂ ಹೊರಗೆ ನಿಂತಿದ್ದಾರೆ ಎಂಬ ಹಾಗೆ. ಆ ಕಾಲದ ಹುಡುಗರ ಕೈಯಲ್ಲಿ ರಿವಾಲ್ವರೂ ಕಡಿಮೆ, ಪಿಸ್ತೂಲೂ ಕಡಿಮೆ. ನೀರಿನ ಪೈಪು ಕೊಯ್ದು ಮಾಡಿದ ಪೈಪ್‌ಗನ್ನು, ಒಂದೇ ಗುಂಡಿನ 'ಒನ್ ಶಾಟರ್', ಮತ್ತೆ ಪೇಟೋ ಎಂಬ ಕೈಬಾಂಬು. ಪೈಪ್‌ಗನ್ನು ಹೊಡೆದವನ ಕೈಯಲ್ಲೇ ಸಿಡಿಯುವುದೂ ಇತ್ತು. ದೇಶದ ಅತಿ ಹಳೆಯ ತೋಪಿನ ಕಾರ್ಖಾನೆಯ ಗೋಡೆಯ ಆಚೆ ಬದಿಯಲ್ಲಿ!

ಚಿನ್ನದಂಗಡಿಯವರ ವಿಷಯ. ಇವತ್ತು ಲೈಸೆನ್ಸ್ ಇದ್ದವನಿಗೆ ಆಯ್ಕೆ ಇದೆ ಎಂದರೂ ಅದು ಸಣ್ಣದು. ಸೈನ್ಯ ಮತ್ತು ಪೊಲೀಸರು ಬಳಸುವ .38, .455, 9 ಎಂ.ಎಂ. ಇವೆಲ್ಲ 'ನಿಷೇಧಿತ ಬೋರ್'. ಸಾಮಾನ್ಯರಿಗೆ ಉಳಿಯುವುದು ಬಹುತೇಕ .32. ಕಾನ್ಪುರದಲ್ಲಿ ಮಾಡುವ .32 ರಿವಾಲ್ವರ್ ನೋಡಿದರೆ ಹಳೇ ವೆಬ್ಲಿಯ ಮರಿ, ನಡುವೆ ಮುರಿದು ತುಂಬುವ ಅದೇ ವಿನ್ಯಾಸ. 2014ರಲ್ಲಿ ಬಂದ 'ನಿರ್ಭೀಕ್' ಕೂಡ ಅದೇ ವಂಶ, ಟೈಟಾನಿಯಂ ಮಿಶ್ರಲೋಹದ್ದು, ಅರ್ಧ ಕಿಲೋ. ದೆಹಲಿಯ ಹುಡುಗಿಯ ಹೆಸರು ನೆನಪಿಸುವಂತೆ ಅದಕ್ಕೆ ಹೆಸರಿಟ್ಟು ಹೆಂಗಸರ ಕೈಚೀಲಕ್ಕೆ ಎಂದು ಪ್ರಚಾರ ಮಾಡಿದರು, ಬೆಲೆ 1,22,360 ರೂಪಾಯಿ. ಯಾವ ಹೆಣ್ಣುಮಗಳ ಚೀಲಕ್ಕೆ ಅಂತ ಆಗಲೇ ಜನ ಕೇಳಿದ್ದರು, ನ್ಯಾಯವಾಗಿಯೇ ಕೇಳಿದ್ದರು. ಪಿಸ್ತೂಲು ಬೇಕೆಂದರೆ ಸರ್ಕಾರಿ ಕಾರ್ಖಾನೆಯದ್ದೇ .32 'ಅಶನಿ'. ವೆಬ್ಲಿ ಕಂಪನಿಯೂ ಈಗ ಉತ್ತರ ಪ್ರದೇಶದ ಸಂಡೀಲಾದಲ್ಲಿ ಭಾರತೀಯ ಪಾಲುದಾರರೊಡನೆ .32 ರಿವಾಲ್ವರ್ ಮಾಡುತ್ತಿದೆ. ಟೆಗಾರ್ಟ್ ಸಾಹೇಬನ ಕಾಲದ ಹೆಸರು ಹೀಗೆ ತಿರುಗಿ ಬಂದಿದೆ.

ನನ್ನ ಮಟ್ಟಿಗೆ, ವರ್ಷಕ್ಕೊಮ್ಮೆ ಎಣ್ಣೆ ಹಾಕುವ, ತೋಟಾ ಬದಲಿಸದ, ಅಭ್ಯಾಸವೇ ಮಾಡದ ವ್ಯಾಪಾರಿಗೆ ರಿವಾಲ್ವರೇ ಕಡಿಮೆ ಅಪಾಯ. ಮ್ಯಾಗಜೀನು ತೆಗೆದೆ, ಖಾಲಿ ಎಂದುಕೊಂಡು ನಳಿಗೆಯಲ್ಲಿ ಉಳಿದ ಒಂದು ತೋಟಾದಿಂದ ಮನೆಯವರಿಗೇ ಹೊಡೆದ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ರಿವಾಲ್ವರಿನ ಉರುಳೆ ತೆರೆದರೆ ಎಲ್ಲ ಗೂಡೂ ಕಣ್ಣಿಗೆ ಕಾಣುತ್ತದೆ. ಚುನಾವಣೆ ಬಂದರೆ ಎರಡನ್ನೂ ಠಾಣೆಗೆ ಒಯ್ದು ಇಡಬೇಕು, ನಮ್ಮ ಮಲೆನಾಡಿನ ತೋಟದವರು ಕೋವಿ ಇಟ್ಟು ಬರುವ ಹಾಗೆ. ಆ ಮನುಷ್ಯ ಕೊನೆಗೆ ಏನು ಮಾಡಿದರು ಗೊತ್ತೇ? ಸಿಸಿ ಕ್ಯಾಮೆರಾ ಹಾಕಿಸಿ, ಶಟರ್ ಗಟ್ಟಿ ಮಾಡಿಸಿ, ಬಂದೂಕು ಕೊಳ್ಳುವುದನ್ನು ಪೂಜೆಯ ನಂತರಕ್ಕೆ ಮುಂದೂಡಿದರು. ಯಾವ ವರ್ಷದ ಪೂಜೆ ಎಂದು ಹೇಳಿಲ್ಲ.

ರೋಡಾ ಪಿಸ್ತೂಲುಗಳ ಲೆಕ್ಕ ಬಾಕಿ ಇದೆ. 1918ರ ವರದಿಯ ಹೊತ್ತಿಗೆ ಪೊಲೀಸರಿಗೆ ತಿರುಗಿ ಸಿಕ್ಕಿದ್ದು 31. ಉಳಿದ ಹತ್ತೊಂಬತ್ತು ಆಗ ಯಾರ ಮಾಡಿನಲ್ಲಿ, ಯಾವ ಕೊಳದಲ್ಲಿ ಇದ್ದವೋ. ಸಿಕ್ಕಿದ್ದನ್ನು ನೋಡಬೇಕೆಂದರೆ ಮಾಣಿಕ್‌ತಲಾ ಹತ್ತಿರ ಆಚಾರ್ಯ ಪ್ರಫುಲ್ಲಚಂದ್ರ ರಸ್ತೆಯ ಪೊಲೀಸ್ ಮ್ಯೂಸಿಯಂಗೆ ಹೋಗಿ, ರಾಜಾ ರಾಮಮೋಹನ ರಾಯರು ಇದ್ದ ಮನೆ ಅದು. ಪುಸ್ತಕದೊಳಗೆ ಬಾಂಬು ಅಡಗಿಸಿ ಕಿಂಗ್ಸ್‌ಫರ್ಡ್‌ಗೆ ಕಳಿಸಿದ್ದರಲ್ಲ, ಅದೂ ಅಲ್ಲೇ ಇದೆ. ಹೊರಡುವ ಮೊದಲು ಸಮಯ ವಿಚಾರಿಸಿಕೊಳ್ಳಿ.